ಹೆಸರಿಲ್ಲದ ಇಸಮು

ನಮ್ಮ ಕೊಪ್ಪಳ ಭಾಗದ ಪೊಲೀಸ್ ಠಾಣೆಗಳ ಕನ್ನಡ ಓದಿ ಬಲ್ಲವರಿಗೆ ‘ಇಸಮು’ ಹೊಸಬನಲ್ಲ. ತಾವರಗೇರಾ ಇರಲಿ, ಕುಷ್ಟಗಿ ಇರಲಿ, ಫಿರ್ಯಾದಿಯ ಹಾಳೆಯಲ್ಲಿ ಅವನ ಓಡಾಟ ಇದ್ದದ್ದೇ. ಕತ್ತಲಾದ ಮೇಲೆ ಮೋಟರ್ ಸೈಕಲ್ ಮೇಲೆ ಬರುತ್ತಾನೆ. ಬಯಲು ಜಾಗದಲ್ಲಿ ಕುಂತು ಅಂದರ್ ಬಾಹರ್ ಆಡುತ್ತಾನೆ. ಪೊಲೀಸರನ್ನು ಕಂಡ ಕೂಡಲೇ ಓಡಿಹೋಗುತ್ತಾನೆ. ವಯಸ್ಸು ಅಂದಾಜು 35, ಗೋಧಿ ಮೈಬಣ್ಣ, ನೀಲಿ ಅಂಗಿ. ಹೆಸರೊಂದನ್ನು ಬಿಟ್ಟು ಎಲ್ಲ ವಿವರವೂ ಇರುತ್ತದೆ. ಹೆಸರು ಗೊತ್ತಾಯಿತೋ, ಬಡ್ತಿ ಸಿಕ್ಕು ‘ಆರೋಪಿತ’ನಾಗುತ್ತಾನೆ.

ಹೆಸರಿಲ್ಲದ ಈ ಮನುಷ್ಯನಿಗೆ ಅಂಟಿಕೊಂಡ ಪದದ ಮೂಲಾರ್ಥವೇ ‘ಹೆಸರು’. ಅರಬ್ಬಿಯ ಇಸ್ಮ್ ಫಾರಸಿಗೆ ಬಂತು, ಅಲ್ಲಿಂದ ಉರ್ದುವಿಗೂ ಮರಾಠಿಗೂ ದಾಟಿತು. ಉರ್ದುವಿನಲ್ಲಿ ಯಾರನ್ನಾದರೂ ಮರ್ಯಾದೆಯಿಂದ ‘ತಮ್ಮ ಹೆಸರೇನು’ ಎಂದು ಕೇಳಬೇಕಾದರೆ ಇಸ್ಮ್-ಎ-ಶರೀಫ್ ಅನ್ನುತ್ತಾರೆ. ಮರಾಠಿಯಲ್ಲಿ ಅದೇ ಪದ ‘ಒಬ್ಬ ವ್ಯಕ್ತಿ’ ಎಂಬ ಅರ್ಥ ಪಡೆಯಿತು, ನಮ್ಮಲ್ಲೂ ಹಾಗೆಯೇ. ನನಗನ್ನಿಸುವುದು ಇಷ್ಟು: ದಫ್ತರದವರು ಮಂದಿಯನ್ನು ಎಣಿಸುವುದು ಪಟ್ಟಿಯಲ್ಲಿ. ಪಟ್ಟಿಯಲ್ಲಿ ಒಂದು ಹೆಸರೆಂದರೆ ಒಂದು ತಲೆ. ಬರೆಯುತ್ತ ಬರೆಯುತ್ತ ಹೆಸರೇ ಆಳಾಗಿ ನಿಂತಿರಬೇಕು. ಆಮೇಲೆ ಹೆಸರು ಉದುರಿತು, ಆಳು ಉಳಿದ.

ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ತಿರುಳ್ಗನ್ನಡದ ಸೀಮೆ ಯಾವುದೆಂದು ಗುರುತಿಸುವಾಗ ಹೆಸರಿಸಿದ ಊರುಗಳಲ್ಲಿ ಕೊಪಣ, ಅಂದರೆ ಈಗಿನ ಕೊಪ್ಪಳವೂ ಒಂದು. ಆ ತಿರುಳಿನೊಳಗೆ ಈ ಅರಬ್ಬಿ ಇಸಮು ಮನೆ ಮಾಡಿಕೊಂಡು ಕುಂತಿದ್ದಾನೆ. ಅವನನ್ನು ಎಬ್ಬಿಸಿ ಕಳಿಸಬೇಕೆಂದು ನನಗೆ ಅನ್ನಿಸಿಲ್ಲ.

ಇಸ್ಮ್‌ಗೆ ಇನ್ನೊಂದು ಉದ್ಯೋಗವಿದೆ. ಅರಬ್ಬಿ, ಉರ್ದು ವ್ಯಾಕರಣದಲ್ಲಿ ಇಸ್ಮ್ ಎಂದರೆ ನಾಮಪದ. 1948ರ ಸೆಪ್ಟೆಂಬರಿನವರೆಗೆ ಕುಷ್ಟಗಿ ಸೀಮೆ ನಿಜಾಮರ ರಾಯಚೂರು ಜಿಲ್ಲೆಯಲ್ಲಿತ್ತು. ಕೋರ್ಟು, ಕಚೇರಿ, ಮೇಲಿನ ಓದು ಎಲ್ಲವೂ ಉರ್ದುವಿನಲ್ಲಿ. ಆ ಕಾಲದಲ್ಲಿ ಓದಿದವರಿಗೆ ‘ನೌನ್’ ಅಂದರೆ ಇಸ್ಮ್, ‘ಪ್ರೊನೌನ್’ ಅಂದರೆ ಜಮೀರ್. ಅವರ ಮೊಮ್ಮಕ್ಕಳಿಗೆ ನಾಮಪದ, ಸರ್ವನಾಮ. 2007ರಲ್ಲಿ ಸರ್ಕಾರಿ ಶಾಲೆಗಳ ಒಂದನೇ ತರಗತಿಗೇ ಇಂಗ್ಲಿಷ್ ಬಂದ ಮೇಲೆ ಮರಿಮಕ್ಕಳ ಬಾಯಲ್ಲಿ ನೇರವಾಗಿ ನೌನ್, ಪ್ರೊನೌನ್.

ಜಮೀರ್, ಸರ್ವನಾಮ, ಪ್ರೊನೌನ್ ಎಂಬ ಈ ಮೂರು ಹೆಸರುಗಳು ಒಂದೇ ಪದಜಾತಿಯನ್ನು ಮೂರು ಕಣ್ಣಿನಿಂದ ನೋಡುತ್ತವೆ. ಇಂಗ್ಲಿಷಿನ ಪ್ರೊನೌನ್ ಲ್ಯಾಟಿನ್ನಿನ ‘ಪ್ರೊನೋಮೆನ್’ನಿಂದ ಬಂದದ್ದು, ಹೆಸರಿನ ಬದಲಿಗೆ ಬರುವುದು ಎಂದರ್ಥ. ಸಂಸ್ಕೃತದವರದು ಬೇರೆ ದಾರಿ. ಪಾಣಿನಿ ಒಂದು ಪದಪಟ್ಟಿ ಹಿಡಿದು, ‘ಸರ್ವ’ ಮೊದಲಾದವೆಲ್ಲ ಸರ್ವನಾಮಗಳು ಎಂದು ಸೂತ್ರ ಬರೆದ. ಯಾರಿಗೆ ಬೇಕಾದರೂ, ಯಾವುದಕ್ಕೆ ಬೇಕಾದರೂ ಸಲ್ಲುವ ಹೆಸರು ಎಂಬ ಅರ್ಥವೂ ಅದಕ್ಕೆ ಕೂಡಿಬಂತು. ಅರಬ್ಬಿಯ ಜಮೀರ್ ಅಂದರೆ ಬಚ್ಚಿಟ್ಟದ್ದು. ಮನಸ್ಸಿನೊಳಗೆ ಅಡಗಿರುವ ಅಂತಃಸಾಕ್ಷಿಗೂ ಉರ್ದುವಿನಲ್ಲಿ ಅದೇ ಪದ. (ಅದೇ ಹೆಸರಿನ ಹುಡುಗರು ನಮ್ಮೂರುಗಳಲ್ಲಿ ಬೇಕಾದಷ್ಟಿದ್ದಾರೆ. ಜಮೀರ್ ಎಂಬ ಅಂಕಿತನಾಮದ ಅರ್ಥ ಸರ್ವನಾಮ ಎಂದು ವ್ಯಾಕರಣದ ಮೇಷ್ಟ್ರು ಹೇಳಿದರೆ ಇಡೀ ತರಗತಿ ನಕ್ಕೀತು.)

ನಾವು ಶಾಲೆಯಲ್ಲಿ ಬಾಯಿಪಾಠ ಮಾಡುವುದು ಲ್ಯಾಟಿನ್ನಿನ ಮಾತು: ನಾಮಪದದ ಬದಲಾಗಿ ಬಳಸುವ ಪದವೇ ಸರ್ವನಾಮ. ರಾಮ ಬಂದನು, ಅವನು ಊಟ ಮಾಡಿದನು. ಮೊದಲು ಹೆಸರು, ಆಮೇಲೆ ಬದಲಿ. ಇಂಗ್ಲಿಷ್ ವ್ಯಾಕರಣದ ಮಟ್ಟಿಗೆ ಇದು ಸರಿಯೇ. ತಾವರಗೇರಾದ ಓಣಿಗೆ ಬಂದರೆ ಈ ವ್ಯಾಖ್ಯೆ ಕುಂಟುತ್ತದೆ.

ಕಟ್ಟೆಯ ಮೇಲೆ ಸಜ್ಜಿ ಹಸನು ಮಾಡುತ್ತಿರುವ ಹೆಣ್ಣುಮಗಳು ಪಕ್ಕದಾಕೆಗೆ, ‘ಅವ್ರು ಸಂತಿಗೆ ಹೋಗ್ಯಾರ’ ಅನ್ನುತ್ತಾಳೆ. ಯಾರು ಎಂದು ಪಕ್ಕದಾಕೆ ಕೇಳುವುದಿಲ್ಲ. ಈ ‘ಅವ್ರು’ ಯಾವ ಹೆಸರಿನ ಬದಲಿಯೂ ಅಲ್ಲ, ಯಾಕೆಂದರೆ ಹಿಂದೆ ಯಾವ ಹೆಸರೂ ಬಂದಿಲ್ಲ, ಮುಂದೆ ಬರುವುದೂ ಇಲ್ಲ. ಗಂಡನ ಹೆಸರು ಬಾಯಿಗೆ ತರಬಾರದೆಂಬ ರೂಢಿ ಇರುವ ಮನೆಯಲ್ಲಿ ಅದೇ ಮೂಲ ಪದ. ಹೆಚ್ಚೆಂದರೆ ‘ನಮ್ಮವ್ರು’, ‘ನಮ್ಮನಿಯವ್ರು’. ಮಕ್ಕಳಿದ್ದರೆ ‘ಬಸ್ಯಾನ ಅಪ್ಪ’. ಕರೆಯಬೇಕಾದರೆ ಬರೀ ಒಂದು ‘ರೀ’. ಹೆಸರು ಒಳಗೆ ಬಚ್ಚಿಟ್ಟಿದೆ. ಜಮೀರ್ ಎಂದು ಹೆಸರಿಟ್ಟ ಅರಬ್ಬಿ ವೈಯಾಕರಣರಿಗೆ ನಮ್ಮ ಓಣಿ ಗೊತ್ತಿತ್ತೇನೋ!

ಹೀಗೆ ಬಚ್ಚಿಟ್ಟ ನಾಮಪದವನ್ನು ಹೊರಗೆ ತೆಗೆಸುವುದಕ್ಕೆಂದೇ ಒಂದು ಕಲೆ ಇದೆ, ಒಡಪು. ಮದುವೆಯಾಗಿ ಮೊದಲ ಸಲ ಹೊಸ್ತಿಲಿಗೆ ಬಂದವಳನ್ನು ನಾದಿನಿಯರು ಬಾಗಿಲಲ್ಲೇ ತಡೆಯುತ್ತಾರೆ: ‘ಹೆಸರ ಹೇಳ, ಒಳಗ ಬಿಡ್ತೀವಿ.’ ಬಸುರಿಗೆ ಮಾಡುವ ಕುಬಸದಲ್ಲೂ ಇದೇ ಒತ್ತಾಯ. ಅವಳು ಹೆಸರನ್ನು ಬರಿದೇ ಹೇಳುವಂತಿಲ್ಲ, ಪ್ರಾಸದ ಎರಡು ಮೂರು ಸಾಲು ಕಟ್ಟಿ ಅದರ ನಡುವೆ ಕೂಡಿಸಬೇಕು. ಬೆಳ್ಳಿ ಬಟ್ಟಲು, ಮಲ್ಲಿಗೆ ಹೂವು, ಬೀಸುಕಲ್ಲು, ಕೊನೆಕೊನೆಗೆ ಮೊಬೈಲು, ಬುಲೆಟ್ ಗಾಡಿ, ಏನೇನೋ ದಾಟಿ ಹೆಸರಿನ ಹತ್ತಿರ ಬರುತ್ತಾಳೆ. ಕೇಳುವವರ ಕಿವಿ ಆ ಒಂದು ಪದಕ್ಕೇ ಕಾದಿರುತ್ತದೆ. ಬಂದ ಕೂಡಲೇ ‘ಹೋ’ ಎನ್ನುತ್ತಾರೆ. ಗಂಡನೂ ತನ್ನ ಸರದಿಯಲ್ಲಿ ಹೆಂಡತಿಯ ಹೆಸರು ಹೇಳಬೇಕು, ಗಂಡಸರು ಸಾಮಾನ್ಯವಾಗಿ ತೊದಲುತ್ತಾರೆ. ಅಂಕಿತನಾಮಕ್ಕೆ ಇಷ್ಟು ಮರ್ಯಾದೆ ಕೊಟ್ಟ ವ್ಯಾಕರಣ ಪುಸ್ತಕವನ್ನು ನಾನಂತೂ ಕಂಡಿಲ್ಲ. ಮಾರನೆಯ ದಿನದಿಂದ ಮತ್ತೆ ‘ಅವ್ರು’. ಈಗಿನ ಹುಡುಗಿಯರಲ್ಲಿ ಎಷ್ಟೋ ಮಂದಿ ಗಂಡನನ್ನು ಹೆಸರು ಹಿಡಿದೇ ಕರೆಯುತ್ತಾರೆ, ಒಳ್ಳೆಯದೇ. ಅವರ ಮೊಬೈಲಿನಲ್ಲಿ ನಂಬರು ಮಾತ್ರ ಹಲವು ಸಲ ‘ನಮ್ಮವ್ರು’ ಎಂದೇ ಸೇವ್ ಆಗಿರುತ್ತದೆ.

ಸರ್ಕಾರಕ್ಕೆ ಈ ಸೊಗಸು ನಡೆಯುವುದಿಲ್ಲ. ಅದಕ್ಕೆ ನಾಮಪದವೇ ಬೇಕು. 1951–52ರ ಮೊದಲ ಮಹಾಚುನಾವಣೆಗೆ ಮತದಾರರ ಪಟ್ಟಿ ಮಾಡುವಾಗ ಉತ್ತರದ ಪ್ರಾಂತ್ಯಗಳಲ್ಲಿ ಬಹಳಷ್ಟು ಹೆಂಗಸರು ಇಂಥವರ ಹೆಂಡತಿ, ಇಂಥವನ ತಾಯಿ ಎಂದಷ್ಟೇ ಬರೆಸಿದರು. ತಮ್ಮ ಸ್ವಂತ ಹೆಸರನ್ನೇ ಅಪರಿಚಿತರಿಗೆ ಹೇಳಲು ಒಪ್ಪಲಿಲ್ಲ. ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅಂಥ ನಮೂದು ನಡೆಯದೆಂದರು. ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಹೊರಗುಳಿದರು. ಸಂಬಂಧ ಹೇಳುವ ಮಾತಿಗೂ ಹೆಸರಿಗೂ ಇರುವ ಅಂತರಕ್ಕೆ ಇಷ್ಟು ದೊಡ್ಡ ಬೆಲೆ ತೆತ್ತ ಉದಾಹರಣೆ ಬೇರೆ ನೆನಪಾಗುವುದಿಲ್ಲ. ಸೇನ್ ಮಾಡಿದ್ದು ಸರಿ ಎಂದೇ ನನ್ನ ಅಭಿಪ್ರಾಯ. ಮತ ಹಾಕುವಾಕೆಗೆ ಹೆಸರಿರಬೇಕು.

‘ಅವ್ರು’ ಸುಮ್ಮನೆ ಕೂರುವ ಪದವೂ ಅಲ್ಲ. ನಾಮಪದದ ಬಾಲ ಹಿಡಿದು ಹೊಸ ನಾಮಪದಗಳನ್ನು ಹೆರುತ್ತದೆ: ಬ್ಯಾಂಕಿನವ್ರು, ಹಾಲಿನವ್ರು, ತಾವರಗೇರಾದವ್ರು. ಕ್ರಿಯಾಪದವನ್ನೂ ಬಿಡುವುದಿಲ್ಲ: ಬಂದವ್ರು, ಉಂಡವ್ರು. ಮಾಡಿದವರ ಪಾಪ ಆಡಿದವರ ಬಾಯಲ್ಲಿ ಎಂಬ ಗಾದೆಯಲ್ಲಿ ಎರಡು ಕಡೆ ಕುಂತಿರುವುದು ಇದೇ. ಪತ್ರಿಕೆಯವರು ದೊಡ್ಡವರ ಹೆಸರಿನ ಮುಂದೆ ‘ಅವರು’ ಹಚ್ಚಿದಾಗ ಹೆಸರು, ಸರ್ವನಾಮ ಎರಡೂ ಒಟ್ಟಿಗೇ ನಿಲ್ಲುತ್ತವೆ. ಹೆಸರೇ ಎದುರಿಗಿರುವಾಗ ಬದಲಿ ಎಲ್ಲಿಂದ ಬಂತು?

ಒಬ್ಬರಿಗೇ ಬಹುವಚನ ಹಚ್ಚುವ ಈ ಮರ್ಯಾದೆ ನಮ್ಮಲ್ಲಷ್ಟೇ ಇರುವುದಲ್ಲ. ಇಂಗ್ಲಿಷಿಗೂ ಒಂದು ಕಾಲದಲ್ಲಿ ನೀನು, ನೀವು ಎಂಬ ಭೇದವಿತ್ತು. ‘ದೌ’ ಏಕವಚನ, ‘ಯೂ’ ಬಹುವಚನ. ಮರ್ಯಾದೆಗೆಂದು ಒಬ್ಬರಿಗೂ ‘ಯೂ’ ಹೇಳುತ್ತ ಹೇಳುತ್ತ ‘ದೌ’ ಮೂಲೆ ಸೇರಿತು. ನಮ್ಮಲ್ಲಿ ಅವ್ವನಿಗೆ, ದೇವರಿಗೆ ‘ನೀ’ ಇನ್ನೂ ಗಟ್ಟಿಯಾಗಿದೆ. ‘ದೇ’ ಎಂಬುದನ್ನು ಒಬ್ಬರಿಗೇ ಬಳಸುವ ರೂಢಿ ಇಂಗ್ಲಿಷಿನಲ್ಲಿ ಹದಿನಾಲ್ಕನೆಯ ಶತಮಾನದಿಂದಲೂ ಇದೆ. 2019ರಲ್ಲಿ ಮೆರಿಯಂ-ವೆಬ್‌ಸ್ಟರ್ ನಿಘಂಟಿನವರು ಆ ಪದವನ್ನೇ ವರ್ಷದ ಪದವೆಂದು ಆರಿಸಿದರು.

ಕನ್ನಡ ಶಾಲೆಯ ಮಕ್ಕಳು ಯಾವ ನಿಘಂಟನ್ನೂ ಕೇಳದೆ ಅಲ್ಲಿಗೆ ತಲುಪಿರುತ್ತಾರೆ. ಇಂಗ್ಲಿಷ್ ಕಲಿಸುವ ಟೀಚರಿಗೆ ‘ಶಿ’ ಅಂದರೆ ‘ಅಕಿ’ ಅಂದ ಹಾಗಾಗುತ್ತದೆಂದು ಅವರಿಗೆ ಅಳುಕು. ಹಾಗಾಗಿ ‘ಅವರ್ ಟೀಚರ್, ದೇ ಈಸ್ ಕಮಿಂಗ್’ ಎಂದು ಬರೆಯುತ್ತಾರೆ. ಪರೀಕ್ಷೆಯಲ್ಲಿ ಅಂಕ ಹೋಗುತ್ತದೆ, ಮೇಷ್ಟ್ರು ಕೆಂಪು ಗೆರೆ ಎಳೆಯಲೇಬೇಕು. ‘ದೇ’ ಬರೆದ ಮೇಲೆ ‘ಆರ್’ ಆದರೂ ಹಾಕಬಾರದಿತ್ತೇನೋ ಎಂದು ಗದರಿದರೆ ಉತ್ತರ ಬರುವುದು ಹೀಗೆ: ‘ಅವ್ರು ಒಬ್ರ ಅದಾರಲ್ರಿ ಸರ.’