ಕೇಳಿದ ಮಾತು, ಕೇಳಿದ ಕಾರಣ



ಕಂಪ್ಯೂಟರ್ ತಂತ್ರಾಂಶ ತಯಾರಿಸುವ ಮುನ್ನ ಅದು ಏನೇನು ಮಾಡಬೇಕೆಂದು ವಿವರವಾಗಿ ಬರೆಯುತ್ತಾರೆ. ಈ ಬರಹಕ್ಕೆ ಸ್ಪೆಸಿಫಿಕೇಶನ್ ಎಂದು ಹೆಸರು. ಕೆಲಸ ಬೇಕಾದವರು ಮೊದಲು ಏನು ಕೇಳಿದ್ದರು, ಯಾಕೆ ಕೇಳಿದ್ದರು ಎಂಬುದೂ ಇದರ ಜೊತೆಯಲ್ಲೇ ಉಳಿಯಬೇಕು. ಇಲ್ಲವಾದರೆ ಏನಾಗುತ್ತದೆ ಎಂಬುದಕ್ಕೆ ಇತಿಹಾಸದಲ್ಲಿ ಒಂದು ದುಬಾರಿ ಪಾಠವಿದೆ.

1996ರ ಜೂನ್ 4ರಂದು ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದಲ್ಲಿರುವ ಕೂರೂ ಕೇಂದ್ರದಿಂದ ಯುರೋಪಿನ ಏರಿಯಾನ್-5 ರಾಕೆಟ್ ಮೊದಲ ಬಾರಿಗೆ ಮೇಲೇರಿತು. ಸುಮಾರು 40 ಸೆಕೆಂಡುಗಳಲ್ಲೇ ದಾರಿ ತಪ್ಪಿ, ಸುಮಾರು 3,700 ಮೀಟರ್ ಎತ್ತರದಲ್ಲಿ ಸಿಡಿದು ಚೂರಾಯಿತು. ಅದರಲ್ಲಿದ್ದ ನಾಲ್ಕು ಕ್ಲಸ್ಟರ್ ಉಪಗ್ರಹಗಳೂ ನಾಶವಾದವು.

ಗಣಿತಜ್ಞ ಜಾಕ್-ಲೂಯಿ ಲಿಯೋನ್ಸ್ ಅವರ ಅಧ್ಯಕ್ಷತೆಯ ತನಿಖಾ ಮಂಡಳಿ ಕಾರಣವನ್ನು ಹುಡುಕಿತು. ರಾಕೆಟ್ಟಿನ ದಿಕ್ಕು ಮತ್ತು ಚಲನೆಯನ್ನು ಅಳೆಯುವ ಉಪಕರಣದ ತಂತ್ರಾಂಶವನ್ನು ಹಳೆಯ ಏರಿಯಾನ್-4ರಿಂದಲೇ ತೆಗೆದುಕೊಳ್ಳಲಾಗಿತ್ತು. ಅದರ ಒಂದು ಲೆಕ್ಕಕ್ಕೆ ರಾಕೆಟ್ ನೆಲ ಬಿಡುವವರೆಗೆ ಮಾತ್ರ ಅರ್ಥವಿತ್ತು. ಆದರೂ ಅದು ಹಾರಿದ ಮೇಲೂ ಸುಮಾರು 40 ಸೆಕೆಂಡು ನಡೆಯುತ್ತಿತ್ತು. ಯಾಕೆ? ಕೊನೆಯ ಕ್ಷಣದಲ್ಲಿ ಉಡಾವಣೆ ನಿಂತರೆ ಬೇಗನೆ ಮತ್ತೆ ಆರಂಭಿಸಲು ಅನುಕೂಲವಾಗಲೆಂದು ಹತ್ತು ವರ್ಷಗಳಿಗೂ ಹಿಂದೆ ಯಾರೋ ಕೇಳಿದ್ದರು. ಏರಿಯಾನ್-5ಕ್ಕೆ ಆ ಅಗತ್ಯವೇ ಇರಲಿಲ್ಲ. ಕಾರಣ ಹೋಗಿತ್ತು, ಕೆಲಸ ಮಾತ್ರ ಉಳಿದಿತ್ತು.

ಹೊಸ ರಾಕೆಟ್ ಅಡ್ಡ ದಿಕ್ಕಿನಲ್ಲಿ ಹೆಚ್ಚು ವೇಗ ಪಡೆಯುತ್ತಿತ್ತು. ಲೆಕ್ಕದ ಸಂಖ್ಯೆ ಬೆಳೆದು, 32,767ಕ್ಕಿಂತ ಹೆಚ್ಚನ್ನು ಹಿಡಿಯಲಾರದ 16 ಬಿಟ್‌ಗಳ ಜಾಗವನ್ನು ಮೀರಿತು. ಮುಖ್ಯ ಉಪಕರಣವೂ ಬದಲಿ ಉಪಕರಣವೂ ಕೆಲಸ ನಿಲ್ಲಿಸಿದವು. ಎರಡರಲ್ಲೂ ಇದ್ದದ್ದು ಒಂದೇ ತಂತ್ರಾಂಶ. ಇಂಥ ಅಪಾಯವಿದ್ದ ಏಳು ಸಂಖ್ಯೆಗಳ ಪೈಕಿ ನಾಲ್ಕಕ್ಕೆ ಮಾತ್ರ ರಕ್ಷಣೆಯಿತ್ತು. ಉಳಿದ ಮೂರನ್ನು ಯಾಕೆ ಬಿಡಲಾಯಿತೆಂಬ ವಿವರಣೆ ಪ್ರೋಗ್ರಾಮಿನಲ್ಲಿ ನೇರವಾಗಿ ಸಿಗಲಿಲ್ಲ. ಹೊಸ ರಾಕೆಟ್ಟಿನ ಹಾರಾಟದ ದಾರಿಯ ವಿವರವೂ ಉಪಕರಣದ ಸ್ಪೆಸಿಫಿಕೇಶನ್ನಿನಲ್ಲಿ ಇರಲಿಲ್ಲ.

ಅದೇ ಅಧ್ಯಯನಕ್ಕಾಗಿ ಮತ್ತೆ ನಾಲ್ಕು ಉಪಗ್ರಹಗಳು ಹಾರುವ ಹೊತ್ತಿಗೆ 2000ನೇ ಇಸವಿ ಬಂದಿತ್ತು.

ಉರ್ದುವಿನಿಂದ ಕನ್ನಡಕ್ಕೆ ಅನುವಾದಿಸುವ ವಿದ್ಯಾರ್ಥಿಗೆ ನಾವು ಶಿಕ್ಷಕರು ಹೇಳುವುದೇನು? ‘ಮೂಲವನ್ನು ಪಕ್ಕದಲ್ಲಿಟ್ಟುಕೋ, ಸಂಶಯ ಬಂದಾಗ ನೋಡು.’ ಸ್ಪೆಸಿಫಿಕೇಶನ್ ಕೂಡ ಒಂದು ಬಗೆಯ ಅನುವಾದವೇ. ಕೇಳಿದವರ ಮಾತು ಯಂತ್ರ ತಿಳಿದವರ ಮಾತಾಗುತ್ತದೆ. ಆದುದರಿಂದ ತಂತ್ರಾಂಶದ ಉದ್ಯೋಗಕ್ಕೆ ಹೊರಟಿರುವ ನಿಮ್ಮ ಮನೆಯ ಮಕ್ಕಳಿಗೆ ಇಷ್ಟು ತಿಳಿಸಿರಿ: ಕೇಳಿದವರ ಮಾತನ್ನು ಅವರದೇ ಶಬ್ದಗಳಲ್ಲಿ, ತಾರೀಖು ಮತ್ತು ಕಾರಣದ ಸಮೇತ ಬರೆದಿಡಲಿ. ಮುಂದೆ ಆ ಕೆಲಸವನ್ನು ಕೈಗೆತ್ತಿಕೊಳ್ಳುವವರು ಏನನ್ನು ಉಳಿಸಬೇಕು, ಏನನ್ನು ಬಿಡಬೇಕು ಎಂಬುದನ್ನು ಅದರಿಂದಲೇ ತಿಳಿಯಬೇಕು.