ಸಂಡೂರಿನ ಲಂಬಾಣಿ ಹೆಣ್ಣುಮಕ್ಕಳ ಸೂಜಿ

ಹ್ವಾದ ತಿಂಗಳ ನಮ್ಮ ವೈನಿ ಅಟ್ಟದ ಮ್ಯಾಲಿನ ಟ್ರಂಕ್ ಖಾಲಿ ಮಾಡ್ಲಿಕ್ಕೆ ಕೂತಿದ್ರು. ಅದರಾಗ ನಮ್ಮಜ್ಜಿ ಹೊಲಿದ ಕೌದಿ ಸಿಕ್ತು. ಅದರ ಕೆಳಗ, ನಾ ಐದನೇತ್ತಾ ಇದ್ದಾಗ ಸಾಲಿ ಗ್ಯಾದರಿಂಗಿಗೆ ಹಾಕ್ಕೊಂಡು ಕುಣಿದಿದ್ದ ಕನ್ನಡಿ ಲಂಗ.

ಆ ಲಂಗ ಕೊಟ್ಟಾಕಿ ಒಬ್ಬ ಲಂಬಾಣಿ ಹೆಣ್ಣಮಗಳು. ತಾಂಡಾದಿಂದ ಕಟ್ಟಿಗಿ ಹೊರಿ ಹೊತ್ಕೊಂಡು ಬರ್ತಿದ್ಲು. ಎರಡು ಹಳೇ ಸೀರಿ, ಒಂದಿಷ್ಟು ಜ್ವಾಳ ಕೊಟ್ಟು, ತಾಸುಗಟ್ಟಲೆ ಚೌಕಾಶಿ ಮಾಡಿ ಅಜ್ಜಿ ಅದನ್ನ ತಗೊಂಡಿದ್ಲು. ಆದ್ರ ಅಕಿಗೆ ನೀರು ಕೊಡೂದು ಮಾತ್ರ ಕಟ್ಟಿ ಕೆಳಗ ನಿಲ್ಲಿಸಿ, ಮ್ಯಾಲಿಂದ ಬೊಗಸಿಗೆ ಸುರಿದು. ಅಕಿ ಲಂಗ ದೇವರ ಖೋಲಿ ಬಾಜೂಕ ಗೂಟಕ್ಕ ತೂಗಿತು, ಅಕಿ ಹೊಸ್ತಿಲಾ ದಾಟಲಿಲ್ಲ. ನಾ ಕುಣಿದಾಗ ಎಲ್ಲಾರೂ ಚಪ್ಪಾಳಿ ಹೊಡದ್ರು. ಅಕಿ ಹೆಸರೇನಂತ ನಮ್ಮ ಮನ್ಯಾಗ ಯಾರೂ ಕೇಳಿರಲಿಲ್ಲ. ವೈನಿಗೆ ಇದನ್ನೆಲ್ಲಾ ಹೇಳುವಾಗ ನನಗ ನಾಚಿಕಿ ಆತು, ಅದಕ್ಕ ಇವತ್ತು ಇದನ್ನ ಬರಿಯೋದು.

ಲಂಬಾಣಿ, ಬಂಜಾರ, ಬಳ್ಳಾರಿ ಕಡೆ ಸುಗಾಲಿ ಅಂತ ಕರಿಯೂ ಈ ಜನ ಮೂಲತಃ ಕೂಲಿಕಾರರಲ್ಲ. ಸಾವಿರಗಟ್ಟಲೆ ಎತ್ತಿನ ಬೆನ್ನ ಮ್ಯಾಲ ಉಪ್ಪು, ಕಾಳು ಹೇರಿಕೊಂಡು ದೇಶದ ತುಂಬ ಸಾಗಿಸ್ತಿದ್ದ ವ್ಯಾಪಾರಿಗಳು. ಮೊಘಲರ ದಂಡಿಗೆ ಕಾಳು ಮುಟ್ಟಿಸಿದವರು ಇವರು. ಮುಂದ ದಖನ್ನಿನೊಳಗ ಇಂಗ್ಲಿಷರ ಫೌಜಿಗೂ ಇವರದೇ ಎತ್ತು ಬೇಕಾದ್ವು. 19ನೇ ಶತಮಾನದಾಗ ರೈಲು ಬಂತು, ಎತ್ತಿನ ಹೇರಿಗೆ ಕೆಲಸ ಇಲ್ಲದಂಗಾತು. ಅದು ಸಾಲದು ಅಂತ 1871ರಾಗ ಇಂಗ್ಲಿಷರು ಹುಟ್ಟಿನಿಂದನೇ ಜನರನ್ನ ಕಳ್ಳರು ಅಂತ ಎಣಿಸೂ ಕಾಯದೆ ತಂದ್ರು. ಬಂಜಾರರನ್ನೂ ಹಲವು ಕಡೆ ಆ ಪಟ್ಟಿಗೆ ಸೇರಿಸಿದ್ರು. ಆ ಕಾಯದೆ ರದ್ದಾಗಿದ್ದು ಸ್ವಾತಂತ್ರ್ಯ ಬಂದ ಮ್ಯಾಲೂ 5 ವರ್ಷ ತಡೆದು, 1952ರಾಗ. ‘ಲಂಬಾಣ್ಯಾರು ಬಂದಾರ, ಬಾಗಲಾ ಹಾಕ್ಕೋರಿ’ ಅಂತ ನಮ್ಮ ಓಣ್ಯಾಗ ಅಂತಿದ್ದ ಮಾತಿನ ಬೇರು ಎಲ್ಲಿ ತನಕ ಹೋಗಿರಬೇಕು, ನೀವ ವಿಚಾರ ಮಾಡ್ರಿ.

ಊರಿಂದ ಊರಿಗೆ ತಿರುಗೂ ಜನಕ್ಕ ಮನಿ ಗೋಡಿ ಎಲ್ಲಿಂದ ಬರಬೇಕು? ಅಂದಚೆಂದ ಎಲ್ಲಾ ಮೈಮ್ಯಾಲ, ಚೀಲದ ಮ್ಯಾಲ, ಎತ್ತಿನ ಜೂಲದ ಮ್ಯಾಲ. ನೀರಿನ ಕೊಡ ಹೊರೂ ಸಿಂಬಿಗೂ ಕವಡಿ ಹಚ್ಚಿ ಹೊಲಿತಿದ್ರು. ಫೇಟಿಯಾ ಅಂದ್ರ ಲಂಗ, ಕಾಂಚಳಿ ಅಂದ್ರ ಬೆನ್ನು ಬಿಟ್ಟು ಕಟ್ಟೂ ಕುಬಸ. ಎರಡರಾಗೂ ಕನ್ನಡಿ, ಕವಡಿ, ನಾಣ್ಯ.

ಈಗ ಸಂಡೂರಿಗೆ ಬರ್ತೀನಿ. ಬಳ್ಳಾರಿ ಜಿಲ್ಲಾದ ಸಂಡೂರು ಮೊದಲ ಘೋರ್ಪಡೆಯವರ ಸಣ್ಣ ಸಂಸ್ಥಾನ, ಸುತ್ತಲೂ ಕಬ್ಬಿಣ, ಮ್ಯಾಂಗನೀಸ್ ಅದಿರಿನ ಗುಡ್ಡ. ಸುಶೀಲಾನಗರದಂಥಾ ತಾಂಡಾಗಳು ಅಲ್ಲಿ ಅವ. ದುಡಿಮಿ ಅಂದ್ರ ಹೊಲದ ಕೂಲಿ, ಇಲ್ಲಾ ಗಣಿ ಕೂಲಿ. 1980ರ ದಶಕದಾಗ ಘೋರ್ಪಡೆ ಮನೆತನದ ಆಸರದಾಗ ‘ಸಂಡೂರು ಕುಶಲ ಕಲಾ ಕೇಂದ್ರ’ ಶುರುವಾತು. ತಮ್ಮ ಮಗಳ ಮದುವಿಗೆ ಅಂತ ಹೊಲಿತಿದ್ದ ಕೈಗಳು ಅಲ್ಲಿ ಪಗಾರಕ್ಕ ಹೊಲಿಯಾಕ ಹತ್ತಿದ್ವು. ಇದು ಸಣ್ಣ ಮಾತಲ್ಲ. ಹೊಲಿಗಿ ಅಂದ್ರ ಮನಿಗೆಲಸ ಮುಗಿದ ಮ್ಯಾಲ ಮಾಡೂ ಪುಕ್ಕಟೆ ಕೆಲಸ ಅಂತ ನಮ್ಮ ಮನ್ಯಾಗೂ ಇವತ್ತಿಗೂ ತಿಳೀತಾರಲ್ಲ?

ಅವರ ಹೊಲಿಗಿ ಒಳಗ 14 ನಮೂನಿ ಹೆಸರು ಹೇಳ್ತಾರ. ಕೀಲನ್, ವೇಲೆ, ಬಕ್ಯಾ, ಮಾಕಿ, ಸೂರ್ಯಕಾಂತಿ ಮಾಕಿ, ರೇಲೋ, ಗಾದ್ರಿ, ಪೋಟೆ, ಜೋಲ್ಯಾ, ನಾಕ್ರಾ… ಈ ಪಟ್ಟಿ ಓದಕೋತ ಹೋದಾಗ ಒಂದು ಹೆಸರು ಬಂತು, ನಾ ಅಲ್ಲೇ ನಿಂತೆ: ಕೌದಿ! ನಮ್ಮಜ್ಜಿ ಟ್ರಂಕಿನ ಕೌದಿ ಹೆಸರಿನ ಹೊಲಿಗಿ ಅವರಲ್ಲೂ ಅದ. ಯಾರು ಯಾರಿಂದ ಕಲ್ತರೋ, ಕಟ್ಟಿ ಕೆಳಗ ನಿಂತಾಕಿನೂ ಕಟ್ಟಿ ಮ್ಯಾಲ ಕೂತಾಕಿನೂ ಒಂದೇ ಶಬ್ದ ಇಟ್ಕೊಂಡಿದ್ರು.

ನಮ್ಮ ಧಾರವಾಡದ ಕಸೂತಿ ಎಳಿ ಎಣಿಸಿ ಹಾಕೂದು. ಗಂಟು ಹಾಕೂಹಂಗಿಲ್ಲ. ಗವಂತಿ, ಮುರಗಿ ಆದ್ರ ಹಿಂದ ಮುಂದ ಒಂದೇ ಕಾಣಬೇಕು. ಲಂಬಾಣಿ ಹೊಲಿಗಿ ಬ್ಯಾರೆ ಸ್ವಭಾವದ್ದು. ದಪ್ಪ ಅರಿವಿ ಮ್ಯಾಲ ಬಣ್ಣಬಣ್ಣದ ತುಂಡು ಇಟ್ಟು, ಅಂಚು ಬಿಗಿದು, ನಡುವ ಕನ್ನಡಿ ಕೂಡಿಸೂದು. ಕನ್ನಡಿಗೆ ತೂತು ಇರಂಗಿಲ್ಲ ನೋಡ್ರಿ. ಮೊದಲ ಅಡ್ಡ ಉದ್ದ ದಾರದ ಜಾಳಿಗಿ ಹಾಕಿ ಅದನ್ನ ಹಿಡಿಬೇಕು, ಆಮ್ಯಾಲ ಆ ದಾರನ್ನ ಸುತ್ತ ಎಳದು ಗೂಡು ಕಟ್ಟಬೇಕು. ಕಸೂತಿಗೆ ಕಣ್ಣು ಬೇಕು, ಇದಕ್ಕ ಬೆರಳಿನ ಶಕ್ತಿ ಬೇಕು.

ಇನ್ನ ಅವರ ಸಾಧನಿ. ಕೇಂದ್ರದ ಕೆಲಸಕ್ಕ ಯುನೆಸ್ಕೊದ ಉತ್ಕೃಷ್ಟತೆಯ ಮುದ್ರೆ 2 ಸಲ ಬಂತು, 2004ರಾಗ ಮತ್ತ 2012ರಾಗ. ನಡುವ 2010ರಾಗ ‘ಸಂಡೂರು ಲಂಬಾಣಿ ಕಸೂತಿ’ಗೆ ಜಿಐ ಟ್ಯಾಗ್ ಸಿಕ್ತು. ನಮ್ಮ ಕಸೂತಿಗೆ ಸಿಕ್ಕಂಥಾದ್ದೇ ಅದು. ಅಂದ್ರ ಬ್ಯಾರೆ ಊರಾಗ ಮಶೀನಿನ ಮ್ಯಾಲ ಹೊಡದು ಸಂಡೂರಿನ ಹೆಸರು ಹಚ್ಚಿ ಮಾರೂಹಂಗಿಲ್ಲ. ಮಾರೂವರು ಮಾರ್ತಾರ, ಆ ಮಾತು ಬ್ಯಾರೆ. 2023ರ ಜುಲೈದಾಗ ಹಂಪಿಯೊಳಗ ಜಿ-20 ಸಂಸ್ಕೃತಿ ಸಭಾ ಆದಾಗ ಈ ಹೆಣ್ಣುಮಕ್ಕಳದು 1755 ಕಸೂತಿ ತುಂಡು ಒಂದೇ ಕಡೆ ಜೋಡಿಸಿ ಇಟ್ರು. ಲಂಬಾಣಿ ವಸ್ತುಗಳ ಅತಿ ದೊಡ್ಡ ಪ್ರದರ್ಶನ ಅಂತ ಗಿನ್ನೆಸ್ ದಾಖಲೆ ಆತು. ಅದರ ಹಿಂದ 450ಕ್ಕೂ ಹೆಚ್ಚು ಲಂಬಾಣಿ ಹೆಣ್ಣುಮಕ್ಕಳು.

ನನಗ ಚುಚ್ಚೂದು ಇದ. ಮುದ್ರೆ ಬಂತು, ಟ್ಯಾಗ್ ಬಂತು, ದಾಖಲೆ ಬಂತು. ಎಲ್ಲಾ ಸಂಸ್ಥಾದ ಹೆಸರಿಲೆ, ಊರ ಹೆಸರಿಲೆ ಬಂದ್ವು, ಹೊಲಿದಾಕಿ ಮಾತ್ರ ಎಣಿಕಿಯೊಳಗ ಒಬ್ಬಾಕಿ. ಸೂಜಿ ಕೆಲಸದ ಮ್ಯಾಲ ಸಹಿ ಇರಂಗಿಲ್ಲ ಖರೇ, ಆದ್ರ ಒಂದು ಚೀಲ ಕೊಳ್ಳುವಾಗ ‘ಇದನ್ನ ಯಾರು ಹೊಲಿದ್ರವ್ವಾ?’ ಅಂತ ಕೇಳಲಿಕ್ಕೆ ನಮಗೇನು ಖರ್ಚು?

ಪ್ರದರ್ಶನದಾಗ ನಮ್ಮ ಮೌಶಿ ಒಬ್ರು ಲಂಬಾಣಿ ಚೀಲ ಹಿಡಕೊಂಡು ‘ಇಷ್ಟ್ ರೊಕ್ಕಾ? ಮನ್ಯಾಗ ಕೂತು ನಾನ ಮಾಡ್ತೀನಿ ತಗೋ’ ಅಂದಿದ್ರು. ಇನ್ನೂ ಮಾಡಿಲ್ಲ. ಮೌಶಿ, ಸಿಟ್ಟಾಗಬ್ಯಾಡ್ರಿ, ನಿಮ್ಮ ಹೆಸರು ಹಾಕಿಲ್ಲ. ತಗೊಳೂವಾಗ ಅರಿವಿ ತಿರುವಿ ಹಿಂದಿನ ಮೈ ನೋಡ್ರಿ. ಕೈ ಹೊಲಿಗಿ ಆದ್ರ ಎಳಿ ಹಿಂದು ಮುಂದು ಆಗಿರ್ತಾವ, ಮಶೀನಿಂದಾದ್ರ ಸಾಲಾಗಿ ಒಂದೇ ಅಳತಿ ಬಿದ್ದಿರ್ತದ.

ನನ್ನ ಲಂಗದ್ದು ಎರಡು ಕನ್ನಡಿ ಉದುರಿದ್ವು. ವೈನಿ ಮುಂದ ಕೂತು ನಾನ ಕೂಡಿಸ್ಲಿಕ್ಕೆ ನೋಡ್ದೆ. ಮೂರು ಸಲ ಜಾರಿ ಬಿತ್ತು, ನಾಕನೇ ಸಲ ಬೆರಳಿಗೆ ಸೂಜಿ ಚುಚ್ಚಿತು. ಒಂದು ಹೆಂಗರೆ ಮಾಡಿ ಕೂತದ, ಸೊಟ್ಟಗ. ಉಳಿದ ಅವೆಲ್ಲಾ 40 ವರ್ಷದ ಹಿಂದ ಅಕಿ ಕೂಡಿಸಿದ್ದು, ಇನ್ನೂ ಅಳ್ಳಾಡಿಲ್ಲ.