ಕೆರೆಯ ಊರು, ಗಿರಣಿಯ ಊರು

ಸಂಜೀಗೆ ನಮ್ಮ ವಾಚನಾಲಯದ ಕಟ್ಟೆಯ ಮೇಲೆ ಕೂತವರ ನಡುವೆ ಸೊಲ್ಲಾಪುರದ ಮಾತು ಬಂತೆಂದರೆ ಎರಡು ಪಕ್ಷ ಆಗೇ ಆಗ್ತಾವ. ‘ಅಂಥಾ ಊರು ಇಲ್ಲ ಬಿಡ್ರಿ. ದವಾಖಾನಿ ಅದ, ಕಾಲೇಜ ಅದ, ಬಡವ ಹೋದ್ರೂ ಹೊಟ್ಟಿ ತುಂಬ್ತದ’ ಅಂತ ಒಂದು ಪಕ್ಷ. ‘ಧೂಳು, ಬಿಸಲು, ನಳಕ್ಕ ನೀರಿಲ್ಲ, ಅದೇನು ಊರ್ರೀ’ ಅಂತ ಇನ್ನೊಂದು. ಇಬ್ಬರ ಮಾತೂ ಖರೆ. ಒಂದೇ ಊರು ಒಬ್ಬರಿಗೆ ಸುಖವಾಗಿ ಇನ್ನೊಬ್ಬರಿಗೆ ತ್ರಾಸಾಗುವುದು ಯಾಕೆ ಎಂಬುದಕ್ಕೆ ಆ ಊರಿನ ಚರಿತ್ರೆಯಲ್ಲೇ ಉತ್ತರ ಸಿಗುತ್ತದೆ. ನಮ್ಮ ಮಕ್ಕಳು ಇಂದಲ್ಲ ನಾಳೆ ಅಲ್ಲಿಗೇ ಹೋಗುವವರು. ಆದ್ದರಿಂದ ಬರೆದಿಡುವುದು ಒಳ್ಳೆಯದು.

ಸೊಲ್ಲಾಪುರದ ಹಳೆಯ ಹೆಸರು ಸೊನ್ನಲಿಗೆ. ಹನ್ನೆರಡನೆಯ ಶತಮಾನದಲ್ಲಿ ಸಿದ್ಧರಾಮರು ಅಲ್ಲಿ ಗುಡಿ ಕಟ್ಟಿಸಿದರು, ಊರ ಸುತ್ತ ಅರವತ್ತೆಂಟು ಲಿಂಗ ಸ್ಥಾಪಿಸಿದರು, ಕೆರೆ ತೋಡಿಸಿದರು. ರಾಘವಾಂಕ ಕವಿ ಅವರ ಮೇಲೆ ಒಂದು ಕಾವ್ಯವನ್ನೇ ಬರೆದಿದ್ದಾನೆ. ಅಲ್ಲಮಪ್ರಭುಗಳು ಸೊನ್ನಲಿಗೆಗೆ ಬಂದಾಗ ಈ ಕೆರೆಯ ಕೆಲಸ ನೋಡಿ ಸಿದ್ಧರಾಮರನ್ನು ‘ಒಡ್ಡ’ ಅಂತ ಹಂಗಿಸಿದ ಪ್ರಸಂಗ ನಮ್ಮ ಕಡೆ ಪುರಾಣ ಕೇಳಿದವರಿಗೆಲ್ಲ ಗೊತ್ತು. ಒಳಗಿನ ಸಾಧನೆ ದೊಡ್ಡದೋ ಹೊರಗಿನ ಕೆರೆ ದೊಡ್ಡದೋ ಎಂಬುದು ಶರಣರ ಚರ್ಚೆ, ಅದರಲ್ಲಿ ನಾನು ಕೈ ಹಾಕುವುದಿಲ್ಲ. ಆದರೆ ಎಂಟುನೂರು ವರ್ಷ ಆದ ಮೇಲೂ ಮೇ ತಿಂಗಳ ಬಿಸಿಲಿನಾಗ ಆ ಕೆರೆಯ ದಂಡೆಗೆ ಹೋಗಿ ಕೂತರೆ ಮೈಗೆ ತಂಪು ಗಾಳಿ ಬಡೀತದ. ಬರಗಾಲದ ಸೀಮೆಯಾಗ ಊರು ಬೆಳೆಯುವುದಕ್ಕಿಂತ ಮೊದಲು ನೀರಿನ ವಿಚಾರ ಮಾಡಿದರು ಎಂಬುದನ್ನು ನೆನಪಿಡಬೇಕು. ಯಾಕೆಂದರೆ ಮುಂದೆ ಈ ಕ್ರಮ ಉಲ್ಟಾ ಆಯಿತು.

ನಡುವಿನ ಕಾಲ ಬಹಮನಿಗಳದು, ಬಿಜಾಪುರ ಮತ್ತು ಅಹಮದನಗರದ ಸುಲ್ತಾನರ ಜಗಳದ್ದು. ಕೋಟೆ ಆ ಕೈಯಿಂದ ಈ ಕೈಗೆ, ಈ ಕೈಯಿಂದ ಆ ಕೈಗೆ ಹೋಯಿತು. 1818ರಲ್ಲಿ ಇಂಗ್ಲಿಷರ ಪಾಲಾಯಿತು. 1852ರಲ್ಲಿ ನಗರಪಾಲಿಕೆ ಬಂತು, 1860ರಲ್ಲಿ ಮುಂಬಯಿ ಕಡೆಯಿಂದ ರೈಲು ಬಂತು. ಊರಿನ ಉತ್ತರಕ್ಕೆ ಅದಿಲಾ ಹೊಳೆಗೆ ಒಡ್ಡು ಹಾಕಿ ಎಕ್ರುಕ್ ಕೆರೆ ಮಾಡಿದ್ದು 1871ರಲ್ಲಿ ಮುಗಿಯಿತು. ನಾವು ಅದನ್ನು ಹಿಪ್ಪರಗಿ ಕೆರೆ ಅಂತೀವಿ. ಅದಾಗಿ ಐದೇ ವರ್ಷಕ್ಕೆ 1876ರ ದೊಡ್ಡ ಬರ. ಆ ಬರ ಇನ್ನೂ ಮುಗಿಯದ 1877ರಲ್ಲಿ ಮೊರಾರ್ಜಿ ಗೋಕುಳದಾಸರ ಗಿರಣಿ ನೂಲು ತೆಗೆಯಲು ಶುರು ಮಾಡಿತು. ಅದೇ ‘ಜುನಿ ಮಿಲ್’. ಹೊಲ ಒಣಗಿದಾಗಲೇ ಗಿರಣಿಯ ಬಾಗಿಲು ತೆರೆಯಿತೆಂದ ಮೇಲೆ ಆಳುಗಳಿಗೆ ಏನು ಕಡಿಮೆ? ತೆಲಂಗಾಣದಿಂದ ಪದ್ಮಶಾಲಿ ನೇಕಾರರು ಬಂದರು. ಅಕ್ಕಲಕೋಟ, ಇಂಡಿ, ಜತ್ತ ಕಡೆಯಿಂದ ನಮ್ಮವರು ಹೋದರು. ಆಮೇಲೆ ನರಸಿಂಗಗಿರಜಿ, ವಿಷ್ಣು, ಲಕ್ಷ್ಮಿ ಗಿರಣಿಗಳು ಎದ್ದವು. 1901ರ ಜನಗಣತಿಯಲ್ಲಿ ಊರಿನ ಜನ 75,288.

ಗಿರಣಿ ಊಟ ಕೊಟ್ಟಿತು, ಸುಳ್ಳಲ್ಲ. ಆದರೆ ಹೊತ್ತು ಕಸಿದುಕೊಂಡಿತು. 1911ರ ಕಾಯ್ದೆ ಬಂದ ಮೇಲೆ ಬಟ್ಟೆ ಗಿರಣಿಯ ಗಂಡಾಳಿಗೆ ದಿನಕ್ಕೆ ಹನ್ನೆರಡು ತಾಸು ಎಂದು ಮಿತಿ ಆಯಿತು. ಮಿತಿ ಹಾಕಿದ ಮೇಲೆ ಹನ್ನೆರಡು ಅಂದರೆ, ಹಾಕುವ ಮೊದಲು ಎಷ್ಟಿತ್ತೋ ನೀವೇ ಲೆಕ್ಕ ಹಾಕಿರಿ. 1922ರಲ್ಲಿ ಹನ್ನೊಂದು, 1934ರಲ್ಲಿ ಹತ್ತು ಆಯಿತು. ಸ್ವಾತಂತ್ರ್ಯ ಬಂದ ಮೇಲೆ, 1948ರಲ್ಲಿ, ವಾರಕ್ಕೆ ನಾಲ್ವತ್ತೆಂಟು ತಾಸು. ಚಾಳಿನಲ್ಲಿ ಒಂದು ಖೋಲಿಗೆ ಒಂದು ಸಂಸಾರ, ಒಂದು ನಳಕ್ಕೆ ಇಡೀ ಸಾಲು. ಭೋಂಗಾ ಆದರೆ ಏಳಬೇಕು, ಭೋಂಗಾ ಆದರೆ ಓಡಬೇಕು. ನಮ್ಮ ಅಜ್ಜ ನಾಲ್ಕು ವರ್ಷ ಗಿರಣಿಯಾಗಿದ್ದು ಊರಿಗೆ ತಿರುಗಿ ಬಂದವರು. ‘ಸೊಲ್ಲಾಪುರದಾಗ ಗಡಿಯಾರ ಮಾಲಕಂದು, ನಿದ್ದಿ ಅಷ್ಟೇ ನಮ್ದು’ ಅಂತಿದ್ದರು.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ‘ಸೆಟಲ್‌ಮೆಂಟ್’ ಎಂದು ಈಗಲೂ ಕರೆಯುವ ಭಾಗ ಸೊಲ್ಲಾಪುರದಲ್ಲಿದೆ. ಹುಟ್ಟಿನಿಂದಲೇ ಅಪರಾಧಿಗಳು ಎಂದು ಇಂಗ್ಲಿಷ್ ಸರಕಾರ ಹಣೆಪಟ್ಟಿ ಹಚ್ಚಿದ ಜಾತಿಗಳವರನ್ನು ಅಲ್ಲಿ ತಂತಿ ಬೇಲಿಯೊಳಗೆ ಇಟ್ಟಿದ್ದರು. ಗಿರಣಿಯ ಕೆಲಸಕ್ಕೆ ಹೊರಗೆ ಬಿಡುವುದು, ಹಾಜರಿ ತೆಗೆದುಕೊಂಡು ಮತ್ತೆ ಒಳಗೆ ಹಾಕುವುದು. ಆ ಕಾಯ್ದೆ ರದ್ದಾಗಿದ್ದು 1952ರಲ್ಲಿ, ದೇಶ ಸ್ವತಂತ್ರವಾಗಿ ಐದು ವರ್ಷದ ಮೇಲೆ. ಅದೇ ಕಾಲದಲ್ಲಿ ಸಾಹುಕಾರರ ವಾಡೆಗಳಲ್ಲಿ ಗಾಯನ, ನಾಟಕ ನಡೆದಿದ್ದವು. ‘ಆಗಿನ ಸೊಲ್ಲಾಪುರ ಭಾಳ ಛಲೋ ಇತ್ತು’ ಅನ್ನುವ ಹಿರಿಯರಿಗೆ ನಾನು ಕೇಳುವುದಿಷ್ಟೇ: ಬೇಲಿಯ ಈ ಕಡೆಗೋ ಆ ಕಡೆಗೋ?

ಆದರೂ ಈ ದಣಿದ ಜನ ಊರು ತಮ್ಮದೆಂದು ಎದ್ದು ನಿಂತರು. 1930ರ ಮೇ ತಿಂಗಳಲ್ಲಿ ಗಾಂಧೀಜಿಯವರ ಬಂಧನದ ಸುದ್ದಿ ಬಂದಾಗ ಗಿರಣಿಯವರು ಬೀದಿಗಿಳಿದರು. ಗುಂಡು ಹಾರಿತು, ಕೆಲವು ದಿನ ಸರಕಾರದ ಆಳಿಕೆಯೇ ಊರಲ್ಲಿ ನಡೆಯಲಿಲ್ಲ, ಕೊನೆಗೆ ಮಾರ್ಷಲ್ ಲಾ ಹೇರಿದರು. ಮಲ್ಲಪ್ಪ ಧನಶೆಟ್ಟಿ, ಶ್ರೀಕೃಷ್ಣ ಸಾರಡಾ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಈ ನಾಲ್ವರನ್ನು 1931ರ ಜನವರಿ 12ರಂದು ಯೆರವಡಾ ಜೈಲಿನಲ್ಲಿ ಗಲ್ಲಿಗೇರಿಸಿದರು. ನಾಲ್ಕು ಹೆಸರು ಓದಿದರೆ ಸಾಕು, ಊರು ಯಾರ್ಯಾರದ್ದು ಎಂದು ತಿಳಿಯುತ್ತದೆ.

ಗಿರಣಿಗಳು ಮುಚ್ಚಿದ ಕಥೆ ಉದ್ದ. ಜುನಿ ಮಿಲ್ 1949ರಲ್ಲೇ ಒಮ್ಮೆ ಬಾಗಿಲು ಹಾಕಿತ್ತು. 1950ರಲ್ಲಿ ಸರಕಾರ ಅದರ ಕಾರಭಾರ ಕೈಗೆ ತೆಗೆದುಕೊಂಡಾಗ ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಗಿ ಕಾನೂನು ಪುಸ್ತಕಗಳಲ್ಲಿ ಸೇರಿತು. ಲಕ್ಷ್ಮಿ-ವಿಷ್ಣು 1990ರ ದಶಕದಲ್ಲಿ ಮುಚ್ಚಿತು. ನಮ್ಮ ಅಕ್ಕನ ಗಂಡ ಅದೇ ಕಾಲಕ್ಕೆ ಕೆಲಸ ಕಳೆದುಕೊಂಡವರ ಪೈಕಿ. ಆಮೇಲೆ ಅವರು ಪಾವರ್‌ಲೂಮಿನಲ್ಲಿ ಚಾದರ ನೇಯ್ದರು, ಅಕ್ಕ ಬೀಡಿ ಸುತ್ತಿದಳು. ಬೀಡಿಯ ಕೂಲಿ ಸಾವಿರದ ಲೆಕ್ಕ. ಕೈ ಎಷ್ಟು ಚುರುಕೋ ಅಷ್ಟು ರೊಕ್ಕ. ಎಲೆ ನೆನೆಸುವುದು, ಕತ್ತರಿಸುವುದು, ತಂಬಾಕು ತುಂಬಿ ಸುತ್ತಿ ದಾರ ಕಟ್ಟುವುದು, ಇಷ್ಟೆಲ್ಲ ಅಡಿಗಿ, ಮಕ್ಕಳು, ಕಸಮುಸರಿಯ ನಡುವೆ. ಗಿರಣಿಯ ಗಡಿಯಾರ ಹೋಗಿ ಮನೆಯೊಳಗೇ ಒಂದು ಗಡಿಯಾರ ಬಂತು, ಅದಕ್ಕೆ ಭೋಂಗಾ ಇಲ್ಲ ಅಷ್ಟೇ.

ಈಗ ನೀರಿನ ಮಾತಿಗೆ ಬರೋಣ. 2011ರ ಜನಗಣತಿಯಲ್ಲಿ ಸೊಲ್ಲಾಪುರದ ಜನಸಂಖ್ಯೆ 9,51,558. ನೂರಾಹತ್ತು ವರ್ಷದಲ್ಲಿ ಹನ್ನೆರಡು ಪಟ್ಟಿಗೂ ಹೆಚ್ಚು. ಸಿದ್ಧೇಶ್ವರ ಕೆರೆ, ಹಿಪ್ಪರಗಿ ಕೆರೆ ಇವೆಲ್ಲ ಎಲ್ಲಿ ಸಾಲಬೇಕು? 1980ರಲ್ಲಿ ಭೀಮಾ ನದಿಗೆ ಉಜನಿ ಆಣೆಕಟ್ಟು ಮುಗಿಯಿತು. ಅಲ್ಲಿಂದ ನೂರು ಕಿಲೋಮೀಟರಿಗೂ ಹೆಚ್ಚು ದೂರ ಪೈಪು ಹಾಕಿ ನೀರು ತಂದರು. ಅದೂ ಸಾಲದೆ ಆಣೆಕಟ್ಟಿನಿಂದ ನದಿಗೆ ನೀರು ಬಿಟ್ಟು, ಕರ್ನಾಟಕದ ಗಡಿಯ ಹತ್ತಿರ ಔಜ್ ಬಂಧಾರದಲ್ಲಿ ನಿಲ್ಲಿಸಿ, ಟಾಕಳಿಯಿಂದ ಮತ್ತೆ ಊರಿಗೆ ಎತ್ತುತ್ತಾರೆ. ಇಷ್ಟಾದರೂ ವರ್ಷಾನುಗಟ್ಟಲೆ ಮೂರು, ನಾಲ್ಕು, ಐದು ದಿನಕ್ಕೊಮ್ಮೆ ನಳ. ಯಾವ ಹೊತ್ತಿಗೆ ಬರ್ತದೋ ನೇಮಿಲ್ಲ. ರಾತ್ರಿ ಎರಡಕ್ಕೆ ಬಂದರೆ ಓಣಿಯ ಹೆಂಗಸರೆಲ್ಲ ಎರಡಕ್ಕೆ ಎದ್ದರು ಅಂತ ಲೆಕ್ಕ. ಹಂಡೆ, ಕೊಡ, ಬ್ಯಾರಲ್, ಕೊನೆಗೆ ಚಹಾದ ಪಾತ್ರೆ ಸಹಿತ ತುಂಬಬೇಕು. ಒಮ್ಮೆ ನೀರು ತಪ್ಪಿತೆಂದರೆ ಮುಂದಿನ ಪಾಳಿಯವರೆಗೆ ಬೇರೆಯವರ ಮನಿ ಬಾಗಲಾ ಕಾಯಬೇಕು.

2016ರಲ್ಲಿ ಸ್ಮಾರ್ಟ್ ಸಿಟಿಯ ಮೊದಲ ಇಪ್ಪತ್ತು ಊರುಗಳ ಯಾದಿಯಲ್ಲಿ ಸೊಲ್ಲಾಪುರ ಬಂದಾಗ ನಮ್ಮ ಕಡೆಗೂ ಪೇಢೆ ಹಂಚಿದರು. ರಸ್ತೆ ಆದವು, ದೀಪ ಆದವು. ಒಳ್ಳೇದೇ. ಆದರೆ ನನಗೆ ಒಂದು ಊರಿನ ಸುಖ ಅಳೆಯುವ ಕೋಲು ಬೇರೆ. ಅಲ್ಲಿಯ ದುಡಿಯುವ ಹೆಣ್ಣುಮಗಳ ದಿನದಾಗ ಎಷ್ಟು ತಾಸು ಆಕೆಯದು, ಎಷ್ಟು ತಾಸು ಊರು ತಿಂತದ, ಅದನ್ನು ನೋಡಬೇಕು. ನೀರು ಕಾಯುವುದು, ಬಸ್ ಕಾಯುವುದು, ಖೋಲಿಯ ಬಾಡಿಗೆಗಾಗಿ ಇನ್ನೊಂದು ಸಾವಿರ ಬೀಡಿ ಸುತ್ತುವುದು, ಎಲ್ಲ ಆ ಲೆಕ್ಕದಲ್ಲಿ ಬರುತ್ತವೆ.

ಈ ಲೆಕ್ಕದಲ್ಲಿ ನೋಡಿದರೆ ಕುಂಭಾರಿಯದು ದೊಡ್ಡ ಸಂಗತಿ. ಅಕ್ಕಲಕೋಟ ರಸ್ತೆಗೆ ಹೋಗುವವರು ನೋಡಿಯೇ ಇರುತ್ತೀರಿ. ಬೀಡಿ ಹೆಂಗಸರೇ ಕೂಡಿ, ನರಸಯ್ಯ ಆಡಮ್ ಮಾಸ್ತರರ ಮುಂದಾಳತ್ವದಲ್ಲಿ ವರ್ಷಗಟ್ಟಲೆ ಹೋರಾಡಿ, ಗೋದುತಾಯಿ ಪರುಳೇಕರ ಹೆಸರಿನಲ್ಲಿ ಹತ್ತು ಸಾವಿರ ಮನೆ ಕಟ್ಟಿಸಿಕೊಂಡರು. 2006ರಲ್ಲಿ ಕೀಲಿಕೈ ಸಿಕ್ಕವು. ಆಮೇಲೆ ರೇ ನಗರದ ಮೂವತ್ತು ಸಾವಿರ ಮನೆಗಳ ಯೋಜನೆ, ಅದರಲ್ಲಿ ಹದಿನೈದು ಸಾವಿರ 2024ರ ಜನವರಿಯಲ್ಲಿ ಹಂಚಿಕೆಯಾದವು. ಊರಿನಿಂದ ದೂರ, ಗಿಡಗಂಟಿ ಕಡಿಮೆ, ಹೋಗಿ ಬರುವುದೇ ಒಂದು ಕೆಲಸ ಅನ್ನುವ ತಕರಾರು ಇದೆ, ಅದು ಸುಳ್ಳೂ ಅಲ್ಲ. ಆದರೆ ಮನಿ ಬಾಡಿಗೆ ಕೇಳಲು ಯಾರೂ ಬಾಗಿಲಿಗೆ ಬರುವುದಿಲ್ಲ. ಗಿರಣಿ ಬಂದು ನೂರಾಮೂವತ್ತು ವರ್ಷದ ಮೇಲೆ ಕೆಲಸದವರ ಮನೆಯ ವಿಚಾರ ಈ ಪ್ರಮಾಣದಲ್ಲಿ ಆಯಿತು, ಅದೂ ಕೆಲಸದವರೇ ಗಂಟುಬಿದ್ದ ಮೇಲೆ.

ಹಾಗಾದರೆ ಜನ ಊರು ಬಿಟ್ಟು ಯಾಕೆ ಬರುವುದಿಲ್ಲ? ಅಕ್ಕನಿಗೆ ಎಷ್ಟೋ ಸಲ ಹೇಳಿದ್ದೇನೆ, ‘ಬಾ, ಇಲ್ಲೇ ಇರು’ ಅಂತ. ಆಕೆ ಬರುವುದಿಲ್ಲ. ಸಂಕ್ರಾಂತಿಗೆ ಗಡ್ಡಾ ಜಾತ್ರೆಯಲ್ಲಿ ಏಳು ನಂದಿಕೋಲು ಹೊರಟಾಗ ಸಮ್ಮತಿ ಕಟ್ಟೆಯ ಹತ್ತಿರ ನಿಲ್ಲಬೇಕು. ಬಿಳಿ ಅಂಗಿಯವರ ಆ ಸಾಲು ನೋಡಬೇಕು, ಹೋಮ್ ಮೈದಾನದಾಗ ಮೊಮ್ಮಕ್ಕಳಿಗೆ ತೊಟ್ಟಿಲ ಹತ್ತಿಸಬೇಕು. ಆಕೆಯ ಓಣಿಯಲ್ಲಿ ಬೆಳಿಗ್ಗೆ ತೆಲುಗು, ಮಧ್ಯಾಹ್ನ ಮರಾಠಿ, ಜಗಳಕ್ಕೆ ಉರ್ದು, ಅಳುವುದಕ್ಕೆ ಕನ್ನಡ. ಗಂಡ ತೀರಿಕೊಂಡಾಗ ನಾವು ಮುಟ್ಟುವುದಕ್ಕಿಂತ ಮೊದಲೇ ಓಣಿಯವರು ಎಲ್ಲ ಮಾಡಿ ಮುಗಿಸಿದ್ದರು. ಹಿಂದಿನ ದಿನ ತುಂಬಿಟ್ಟ ತಮ್ಮ ಮನೆಯ ನೀರನ್ನು ನಮ್ಮ ಮಂದಿಗೆ ಕೊಟ್ಟಿದ್ದರು. ನೀರಿಲ್ಲದ ಊರಿನಲ್ಲಿ ಅದು ಸಣ್ಣ ಮಾತಲ್ಲ.

ನಮ್ಮೂರು ಭೀಮಾ ದಂಡೆಯ ಮೇಲಿದೆ, ಔಜಿಗಿಂತ ಮೇಲೆ. ಬೇಸಿಗೆಯಲ್ಲಿ ಸೊಲ್ಲಾಪುರಕ್ಕೆಂದು ಉಜನಿಯಿಂದ ನೀರು ಬಿಟ್ಟರೆ ಅದು ಪಂಢರಪುರ ದಾಟಿ, ನಮ್ಮ ಹೊಲದ ಬದಿಯಿಂದಲೇ ಹಾದು ಹೋಗಬೇಕು. ದಾರಿಯಲ್ಲಿ ರೈತರು ಎತ್ತಬಾರದೆಂದು ದಂಡೆಯ ಮೋಟಾರುಗಳಿಗೆ ಕರೆಂಟ್ ತೆಗೀತಾರ. ಕಬ್ಬು ಕಣ್ಣೆದುರಿಗೆ ಒಣಗ್ತದ, ನೀರು ಕಣ್ಣೆದುರಿಗೇ ಹರೀತದ. ಹುಡುಗರು ಸಿಟ್ಟಾಗಿ ‘ಊರ ಮಂದಿ ಕುಡದು ನಮ್ಮನ್ನ ಒಣಗಿಸ್ತಾರ’ ಅಂತಾರ, ಅವರ ಸಿಟ್ಟಿಗೂ ಅರ್ಥ ಇದೆ. ಆ ಹೊತ್ತಿಗೆ ಅಕ್ಕನ ಫೋನ್ ಬರ್ತದ, ‘ನೀರ ಬಿಟ್ಟಾರಂತ, ನಿಮ್ಮೂರು ದಾಟೇತೇನೋ ತಮ್ಮಾ?’ ದಂಡೆಗೆ ಹೋಗಿ ನೋಡಿ ಬಂದು ಹೇಳ್ತೀನಿ.